ಪಕ್ಕದ ಸೀಟಿನ ಬ್ರೇಕು

ಮಾರ್ಚ್ 3

ಗುಂಡು,

ನಿನ್ನ ಅಮ್ಮ ಫೋನನ್ನು ಹೊಲಿಗೆ ಯಂತ್ರದ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದಾಳೆ. "ಅಪ್ಪ ಮಗಳು ಇಬ್ರೂ ಕಿರುಚಾಡೋದು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಏನಿದ್ರೂ ಕಾಗದದಲ್ಲಿ ಬರ್ಕೊಳ್ಳಿ. ಪೆನ್ನಿಗೆ ಗಂಟಲಿಲ್ಲ" ಎಂಬುದು ಅವಳ ತೀರ್ಪು. ಹಾಗಾಗಿ ಈ ವಯಸ್ಸಿನಲ್ಲಿ ಹೋಮ್‌ವರ್ಕ್ ಮಾಡುವವನ ಹಾಗೆ ಊಟದ ಮೇಜಿನ ಮುಂದೆ ಕೂತಿದ್ದೇನೆ. ಮೇಜು ಅಲುಗಾಡುತ್ತಿದೆ. ಸರಿಮಾಡುತ್ತೇನೆ ಎಂದು ಹೇಳಿ ಹೋದವಳು ನೀನೇ.

ಈಜು, ಸೈಕಲ್ಲು, ಓಟ ಮೂರೂ ಸೇರಿದ ನಿನ್ನ ಆ ರೇಸು ಮುಗಿದು ಎರಡು ವಾರವಾಯಿತು. ಅಂದು ಬ್ಯಾಗು, ಸೈಕಲ್ಲು ಎತ್ತಿಕೊಂಡು ಮನೆಗೂ ಬಾರದೆ ಹೊರಟುಹೋದೆ. ಆಮೇಲೆ ಫೋನಿನಲ್ಲಿ ಒಂದೇ ಪಲ್ಲವಿ: "ಸ್ವಂತ ಅಪ್ಪನೇ ನನ್ನನ್ನ ರೇಸಿಂದ ಹೊರಗೆ ಹಾಕಿದ್ರು." ನಿನ್ನ ಚಿಕ್ಕಮ್ಮನಿಗೂ ಹೇಳಿದ್ದೀಯ. ಅವಳಿಗೆ ಹೇಳಿದರೆ ಡಂಗುರ ಹೊಡೆಸಿದ ಹಾಗೆ ಎಂದು ಗೊತ್ತಿದ್ದೂ ಹೇಳಿದ್ದೀಯ.

ನಡೆದದ್ದನ್ನು ನೆಟ್ಟಗೆ ಬರೆದುಬಿಡುತ್ತೇನೆ. ರೇಸು ನಡೆಸುವ ಪಿ.ಟಿ. ಟೀಚರ್ ನನ್ನ ಹತ್ತಿರ ಕಾರು ಕಲಿತವಳು. ಬೆಟ್ಟದ ತುದಿಯ ತಿರುವಿಗೆ ಒಬ್ಬರು ಕಟ್ಟುನಿಟ್ಟಿನವರು ಬೇಕು ಎಂದು ಅವಳೇ ಕೇಳಿಕೊಂಡು ಬಂದಳು. ಕೆಂಪು ಬಾವುಟ ಕೊಟ್ಟಳು, ಕೊರಳಿಗೆ ವಿಷಲ್ ಹಾಕಿದಳು. "ಮಧ್ಯಾಹ್ನ ಮೂರು ಗಂಟೆಯೊಳಗೆ ಈ ತಿರುವಿಗೆ ಬಾರದೆ ಇದ್ದವರನ್ನ ಮುಂದೆ ಬಿಡ್ಬೇಡಿ ಸರ್. ಅಳ್ತಾರೆ, ಕಾಲಿಗೆ ಬೀಳ್ತಾರೆ, ಕರಗಬೇಡಿ" ಎಂದಳು. ನೀನು ಎಲ್ಲರಿಗಿಂತ ಕೊನೆಗೆ, ಎರಡು ನಿಮಿಷ ತಡವಾಗಿ ಬಂದೆ. ನಾನು ಬಾವುಟ ಅಡ್ಡ ಹಿಡಿದೆ. ಅಷ್ಟೇ.

ಬೇರೆಯವರ ಮಗಳಾಗಿದ್ದರೂ ಹಿಡಿಯುತ್ತಿದ್ದೆ. ಮೂವತ್ತೆರಡು ವರ್ಷ ಡ್ರೈವಿಂಗ್ ಶಾಲೆಯಲ್ಲಿ ಕಲಿಸಿದವನು ನಾನು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ನನ್ನ ಕಾಲಡಿಯ ಬ್ರೇಕು ಒತ್ತಿ ಎಷ್ಟು ಜನರ ಪ್ರಾಣ ಉಳಿಸಿದ್ದೇನೆಂದು ಯಾರೂ ಲೆಕ್ಕ ಇಟ್ಟಿಲ್ಲ. ಒತ್ತಿದಾಗಲೆಲ್ಲ ಬೈಸಿಕೊಂಡಿದ್ದೇನೆ. ಅದು ಅಭ್ಯಾಸವಾಗಿದೆ.

ಉತ್ತರ ಬರಿ. ಇಲ್ಲದಿದ್ದರೆ ಇವಳು ಟಿ.ವಿ. ರಿಮೋಟನ್ನೂ ಡ್ರಾಯರಿಗೆ ಹಾಕುತ್ತಾಳಂತೆ.

ಬೈಸಿಕೊಳ್ಳಲು ತಯಾರಾಗಿರುವ,
ಅಪ್ಪ

ಮ.ಸಾ.: ಗುಂಡಿ, ಇವರು ಹೇಳಿದ್ದನ್ನೆಲ್ಲ ನಂಬಬೇಡ. ಆವತ್ತಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ನೀನು ಹೊಟ್ಟೆ ತುಂಬ ತಿನ್ನುತ್ತಿದ್ದೀಯಾ? — ಅಮ್ಮ


ಮಾರ್ಚ್ 14

ಅಪ್ಪಾ,

ನಿಮ್ಮ ಕಾಗದ ಓದಿದ ಮರುದಿನ ಲ್ಯಾಬಿನಲ್ಲಿ ಯಾರೋ ಹಿರಿಯರ ಹಲ್ಲಿನ ಸೆಟ್ಟು ಉಜ್ಜುತ್ತಿದ್ದೆ. ನಿಮ್ಮ ಆ "ಅಷ್ಟೇ" ನೆನಪಾಯಿತು. ಉಜ್ಜಿದ್ದು ಜಾಸ್ತಿಯಾಗಿ ಎರಡು ದವಡೆ ಹಲ್ಲು ಚಪ್ಪಟೆಯಾದವು. ಈಗ ಮತ್ತೆ ಮೊದಲಿನಿಂದ ಮಾಡಬೇಕು. ಅವರು ಇನ್ನೊಂದು ವಾರ ಬೊಚ್ಚು ಬಾಯಲ್ಲಿ ಇರಬೇಕಾದರೆ ಅದಕ್ಕೂ ನೀವೇ ಹೊಣೆ.

"ತಡವಾಗಿ ಬಂದೆ" ಎಂದು ಸಲೀಸಾಗಿ ಬರೆದಿದ್ದೀರಿ. ಅಲ್ಲಿಯ ತನಕ ಹೇಗೆ ಬಂದೆ ಎಂದು ಒಮ್ಮೆಯಾದರೂ ಕೇಳಿದಿರಾ? ಕೇಳದಿದ್ದರೂ ಹೇಳುತ್ತೇನೆ.

ಕೆರೆಯ ನೀರಿಗೆ ಇಳಿದಾಗಲೇ ಹಲ್ಲು ಕಟಕಟ ಎನ್ನುತ್ತಿದ್ದವು. ಇನ್ನೂರು ಜನ ಒಟ್ಟಿಗೆ ನೀರಿಗೆ ಬಿದ್ದರೆ ಅದು ಈಜಲ್ಲ, ಬಸ್‌ಸ್ಟ್ಯಾಂಡಿನ ನೂಕುನುಗ್ಗಲು. ಯಾರದೋ ಹಿಮ್ಮಡಿ ನನ್ನ ಈಜು ಕನ್ನಡಕಕ್ಕೆ ಬಡಿಯಿತು. ಇನ್ಯಾರದೋ ಕೈ ಸಿಕ್ಕಿಕೊಂಡು ನನ್ನ ಕೈಗಡಿಯಾರ ಕಿತ್ತು ತಳ ಸೇರಿತು. ಸುಮಾರು ನಾಲ್ಕು ಕಿಲೋಮೀಟರ್ ಈಜಿ, ಬಲಗಣ್ಣು ಮುಚ್ಚಿಕೊಂಡು, ಟೈಮು ಎಷ್ಟೆಂದೇ ಗೊತ್ತಿಲ್ಲದೆ ದಡ ಹತ್ತಿದೆ.

ಆಮೇಲೆ ಸೈಕಲ್ಲು, ಪೂರ್ತಿ ದಾರಿ ನೂರ ಎಂಬತ್ತು ಕಿಲೋಮೀಟರ್. ಹೋಗುವಾಗಲೂ ಎದುರುಗಾಳಿ, ತಿರುಗಿ ಬರುವಾಗಲೂ ಎದುರುಗಾಳಿ. ಇದು ಹೇಗೆ ಸಾಧ್ಯ ಎಂದು ಯಾರಾದರೂ ವಿಜ್ಞಾನಿಗಳನ್ನು ಕೇಳಬೇಕು. ಎರಡು ಸಲ ಪಂಕ್ಚರ್. ಎರಡನೇ ಸಲ ಬೆರಳು ಮರಗಟ್ಟಿ ಟೈರಿನ ಅಂಚು ಎಬ್ಬಿಸಲಾರದೆ ಹಲ್ಲಿನಿಂದ ಎಳೆದೆ. ಹೌದು, ಹಲ್ಲಿನ ಕೆಲಸದವಳೇ ಹೀಗೆ ಮಾಡಿದಳು, ನಗಿ. ಶಕ್ತಿ ಬರಲೆಂದು ತಿನ್ನುವ ಆ ಸಿಹಿ ಅಂಟು ಹೊಟ್ಟೆಯಲ್ಲಿ ನಿಲ್ಲದೆ ವಾಂತಿಯಾಯಿತು. ಅಲ್ಲಿಂದ ಮುಂದೆ ಬರೀ ನೀರು, ಬಾಟಲಿ ಮೇಲೆ ಬಾಟಲಿ. ಆಮೇಲೆ ಆ ಬೆಟ್ಟ. ನಡೆದುಕೊಂಡು ಹೋಗುವವರು ನನ್ನನ್ನು ದಾಟಿ ಮುಂದೆ ಹೋಗುತ್ತಿದ್ದರು. ಒಬ್ಬಾಕೆ ತರಕಾರಿ ಚೀಲ ಹಿಡಿದು ಸ್ವಲ್ಪ ದೂರ ನನ್ನ ಜೊತೆಗೇ ನಡೆದು, "ಇಳಿದು ತಳ್ಳಮ್ಮ, ಬೇಗ ಹೋಗ್ತೀಯ" ಎಂದು ಬುದ್ಧಿ ಹೇಳಿದರು.

ಕೊನೆಗೆ ನಿಮ್ಮ ಬಿಳಿ ಟೋಪಿ ಕಂಡಿತು. ಉಳಿದಿದ್ದ ಉಸಿರನ್ನೆಲ್ಲ ಒಟ್ಟುಮಾಡಿ "ಅಪ್ಪಾ" ಎಂದು ಕೂಗಿದೆ. ನೀವು ನಗುತ್ತೀರಿ, ಕೈ ಬೀಸುತ್ತೀರಿ ಎಂದುಕೊಂಡಿದ್ದೆ. ನೀವು ಬಾವುಟ ಅಡ್ಡ ಹಿಡಿದಿರಿ.

ನಾನು ವಾದಿಸಲಿಲ್ಲ. ನನ್ನ ಹತ್ತಿರ ಗಡಿಯಾರ ಇರಲಿಲ್ಲ, ನೀವು ಹೇಳಿದ ಟೈಮನ್ನು ಅನುಮಾನಿಸುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಸೋತವರನ್ನು ಹೊತ್ತು ತರುವ ವ್ಯಾನಿನಲ್ಲಿ ಕೂತು ಬಂದೆ.

ಅಪ್ಪಾ, ನನಗೆ ಪದಕದ ಆಸೆ ಇರಲಿಲ್ಲ. ನನ್ನ ಕಾಲ ಮೇಲೆ ಮುಗಿಸಬೇಕಿತ್ತು. ಆಗದಿದ್ದರೆ ನನ್ನ ಕಾಲೇ ಸೋತು ನಿಲ್ಲಬೇಕಿತ್ತು. ಯಾವುದಾದರೂ ಸರಿ, ಅದು ನನ್ನದಾಗಿರಬೇಕಿತ್ತು. ನನಗೆ ಕಾರು ಕಲಿಸಿ, "ಇವಳಿನ್ನೂ ತಯಾರಾಗಿಲ್ಲ" ಎಂದು ವರ್ಷವಿಡೀ ಪರೀಕ್ಷೆಗೆ ಬಿಡದವರು ನೀವು. ಬೇರೆ ಊರಿನ ಕೆಲಸ ಸಿಕ್ಕಾಗ ಬೇಡ ಎಂದಿರಿ, ಒಬ್ಬಳೇ ಮನೆ ಮಾಡಿದಾಗ ಬೇಡ ಎಂದಿರಿ. ನಲವತ್ತು ತುಂಬುತ್ತಾ ಬಂದರೂ ನಾನು ಎಲ್ಲಿಗೆ ಹೊರಟರೂ ಪಕ್ಕದ ಸೀಟಿನಲ್ಲಿ ನೀವು, ಬ್ರೇಕಿನ ಮೇಲೆ ನಿಮ್ಮ ಕಾಲು. ಸಾಕಾಗಿ ಹೋಗಿದೆ.

ಇನ್ನು ಯಾವ ರೇಸಿಗೂ ನೀವು ಬರಬೇಡಿ.

ನಿಮ್ಮ ಮಗಳು


ಮಾರ್ಚ್ 22

ಗುಂಡು,

ಟೈರನ್ನು ಹಲ್ಲಿನಿಂದ ಎಳೆಯುವುದೆಂದರೇನು? ಎಬ್ಬಿಸಲು ಪ್ಲಾಸ್ಟಿಕ್ಕಿನ ಪಟ್ಟಿ ಸಿಗುತ್ತದೆ. ಮೂರು ಕೊಂಡು ಈ ಕಾಗದದ ಜೊತೆ ಕಳಿಸಿದ್ದೇನೆ. ಗಾಳಿಯನ್ನು ನೀನು ಅಗತ್ಯಕ್ಕಿಂತ ಗಟ್ಟಿಯಾಗಿ ತುಂಬುತ್ತೀಯ ಎಂದು ನನಗೆ ಮೊದಲಿನಿಂದಲೂ ಅನುಮಾನ. ಕಾರಿಗಾಗಲಿ, ಸೈಕಲ್ಲಿಗಾಗಲಿ, ಟೈರಿಗೆ ಸ್ವಲ್ಪ ಉಸಿರಾಡಲು ಬಿಡಬೇಕು. ಬಾಟಲಿಗಳನ್ನು ಬಿಸಿನೀರಿನಲ್ಲಿ ತೊಳಿ.

ಮಿಕ್ಕಿದ್ದಕ್ಕೆ ನನ್ನ ಉತ್ತರ ಮೊದಲಿನದೇ. ತಡವೆಂದರೆ ತಡ. ನಿನ್ನ ಮಾತಿನಲ್ಲೇ ಹೇಳುವುದಾದರೆ, ನಿನ್ನ ಕಾಲೇ ಸೋತಿತ್ತು. ಎರಡು ನಿಮಿಷ ಸೋತಿತ್ತು.

ನೀನು ಬೇಡ ಎಂದರೆ ಬರುವುದಿಲ್ಲ.

ಅಪ್ಪ


ಏಪ್ರಿಲ್ 30

ಅಮ್ಮಾ,

ಇದು ನಿನಗೆ ಮಾತ್ರ. ಅಪ್ಪನ ಕೈಗೆ ಕೊಡಬೇಡ. ಕೊಟ್ಟರೂ ಕೊಡು, ನನಗೇನಂತೆ. ಅವರ ಹಿಂದಿನ ಕಾಗದಕ್ಕೆ ನಾನು ಉತ್ತರ ಬರೆದಿಲ್ಲ, ಬರೆಯುವುದೂ ಇಲ್ಲ. ಮಗಳು ಗಾಯ ತೋರಿಸಿದರೆ ಟೈರಿನ ಗಾಳಿಯ ಬಗ್ಗೆ ಪಾಠ ಹೇಳುವ ಮನುಷ್ಯನಿಗೆ ಏನೆಂದು ಬರೆಯಲಿ?

ಪಿ.ಟಿ. ಟೀಚರ್ ನಿನ್ನೆ ಫೋನು ಮಾಡಿದ್ದರು. ರೇಸಿನಲ್ಲಿರುವವರ ಕಾಲಿಗೆ ಒಂದು ಪಟ್ಟಿ ಕಟ್ಟಿರುತ್ತಾರಲ್ಲ, ತಿರುವಿನಲ್ಲಿ ಹಾಸಿದ ಚಾಪೆಯನ್ನು ಮುಟ್ಟಿದಾಗ ಅದು ತಾನಾಗಿಯೇ ಟೈಮು ಹಿಡಿಯುತ್ತದೆ. ಎಲ್ಲರದನ್ನೂ ತಾಳೆ ನೋಡುವಾಗ ಅವರಿಗೆ ಗೊತ್ತಾಗಿದೆ. ನಾನು ತಡವಾಗಿ ಬಂದಿರಲೇ ಇಲ್ಲ ಅಮ್ಮಾ. ಇನ್ನೂ ಮೂರು ನಿಮಿಷ ಬಾಕಿ ಇತ್ತು.

ಅವರು ಅಳುವುದೊಂದು ಬಾಕಿ. "ತಪ್ಪಾಯ್ತು, ಮುಂದಿನ ವರ್ಷ ನಿಮಗೆ ಪ್ರವೇಶ ಶುಲ್ಕ ಬೇಡ" ಎಂದರು. ಅಪ್ಪನ ಹೆಸರು ಹೇಳಲು ಅವರಿಗೇ ಬಾಯಿ ಬರಲಿಲ್ಲ. ನನಗೆ ಮೊದಲು ಹೊಳೆದದ್ದು ಅಪ್ಪನ ಕೈಗಡಿಯಾರ. ನಾನು ಹುಟ್ಟುವ ಮುಂಚಿನಿಂದ ಅದು ಐದು ನಿಮಿಷ ಮುಂದೆ ಓಡುತ್ತಿದೆಯಲ್ಲ! ಯಾವತ್ತೂ ತಡವಾಗಬಾರದೆಂದು ತಾವೇ ಮುಂದೆ ಇಟ್ಟುಕೊಂಡದ್ದು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನನ್ನ ತುತ್ತನ್ನು ಮನೆಯವರೇ ಕಿತ್ತುಕೊಂಡರು. ಒಂದು ವರ್ಷ ಬೆಳಗಿನ ನಿದ್ದೆ ಬಿಟ್ಟು ತಯಾರಾದದ್ದು ಒಂದು ಹಾಳು ಗಡಿಯಾರದ ಪಾಲಾಯಿತು. ಅಪ್ಪನಿಗೆ ವಿಷಯ ಗೊತ್ತಾಗಿದೆಯೇ? ಏನಂದರು?

ನಿನ್ನ,
ಗುಂಡು


ಮೇ 11

ಗುಂಡಿ,

ನನಗೆ ಉದ್ದಕ್ಕೆ ಬರೆದು ಅಭ್ಯಾಸವಿಲ್ಲ. ಇಬ್ಬರ ಜಗಳದಲ್ಲಿ ಅಂಚೆಯವಳಾಗಿದ್ದೆ, ಈಗ ಬರೆಯುವ ಕೆಲಸವೂ ಬಂತು. ಗಿರಾಕಿಗಳ ಬಟ್ಟೆ ರಾಶಿ ಬಿದ್ದಿದೆ. ಒಂದು ಬ್ಲೌಸಿಗೆ ಎಡಗೈಯನ್ನು ಬಲಕ್ಕೆ ಕೂರಿಸಿಬಿಟ್ಟಿದ್ದೇನೆ, ನಿಮ್ಮ ಪುಣ್ಯ.

ಟೀಚರ್ ಮನೆಗೇ ಬಂದಿದ್ದಳು. ಆ ತಿರುವಿನಲ್ಲಿ ಮೇಜಿನ ಮೇಲೆ ಇಟ್ಟಿದ್ದ ಗಡಿಯಾರದ ಅಂಕಿ ಬಿಸಿಲಿಗೆ ಕಾಣುತ್ತಿರಲಿಲ್ಲವಂತೆ, ಅದಕ್ಕೇ ಎಲ್ಲರೂ ನಿಮ್ಮಪ್ಪನನ್ನೇ ಟೈಮು ಕೇಳುತ್ತಿದ್ದರಂತೆ. ಇವರು ಕುರ್ಚಿಯಿಂದ ಏಳಲೂ ಇಲ್ಲ. "ಗಡಿಯಾರ ಮುಂದೆ ಇದೆ ಅನ್ನೋದು ಮರೆತುಹೋಯ್ತಮ್ಮ. ವಯಸ್ಸಾಯ್ತು. ನನ್ನದೇ ತಪ್ಪು" ಎಂದರು. ನಿಮ್ಮಪ್ಪ! ತಪ್ಪು ಎಂಬ ಪದವನ್ನು ತಮ್ಮ ಬಾಯಿಂದ ತಮ್ಮ ಬಗ್ಗೆ! ನನ್ನ ಕೈಯಲ್ಲಿದ್ದ ಕಾಫಿ ಅರ್ಧ ತಟ್ಟೆಗೆ ಚೆಲ್ಲಿತು.

ಸುದ್ದಿ ಬೀದಿಗೆಲ್ಲ ಹರಡಿದೆ. ಚಿಕ್ಕಮ್ಮ ಇದ್ದಾಳಲ್ಲ. ದಾರಿಯಲ್ಲಿ ಸಿಕ್ಕವರೆಲ್ಲ "ಪರವಾಗಿಲ್ಲ ಸರ್, ವಯಸ್ಸು" ಎಂದು ಬೆನ್ನು ತಟ್ಟುತ್ತಾರೆ. ನಿನ್ನ ತಮ್ಮನೂ ಹೆದರಿದ್ದಾನೆ. ಶಾಲೆ ಈಗ ಅವನದಲ್ಲವೇ? "ಅಪ್ಪ, ಸ್ವಲ್ಪ ದಿನ ರೆಸ್ಟ್ ತಗೊಳ್ಳಿ, ಹೊಸಬರ ಪಕ್ಕದಲ್ಲಿ ಕೂರೋದು ಬೇಡ" ಎಂದು ಬೆಳಗಿನ ಕ್ಲಾಸು ಬಿಡಿಸಿದ. ಇವರು ಕಾರಿನ ಕೀಲಿ ಕೊಟ್ಟು ಬಂದರು. ಈಗ ಇಡೀ ದಿನ ಮನೆಯಲ್ಲಿರುತ್ತಾರೆ. ನಾನು ಹೊಲಿಯುವಾಗ ಪಕ್ಕದಲ್ಲಿ ಕೂತು "ನಿಧಾನ, ನಿಧಾನ" ಎನ್ನುತ್ತಾರೆ. ಈ ಗೋಳು ನನಗೆ ಏಕೆ ಬೇಕಿತ್ತು?

ಒಂದು ಮಾತು ಹೇಳುತ್ತೇನೆ, ಸುಮ್ಮನೆ ಓದಿಕೋ. ನಿನ್ನೆ ಮೊಟ್ಟೆ ಬೇಯಲು ಇಟ್ಟು ಟೈಮು ಕೇಳಿದೆ. ಗಡಿಯಾರ ನೋಡಿದರು, ಐದು ಕಳೆದು ಹೇಳಿದರು. ಯೋಚಿಸಲೂ ಇಲ್ಲ. ನಲವತ್ತು ವರ್ಷದಿಂದ ಕಳೆಯುತ್ತಿರುವ ಮನುಷ್ಯ.

ಅಮ್ಮ


ಮೇ 19

ಅಪ್ಪಾ,

ನಿಮಗೆ ಬರೆಯುವುದಿಲ್ಲ ಎಂದುಕೊಂಡಿದ್ದೆ. ಆಗಲಿಲ್ಲ.

ನೀವು ಮರೆಯಲಿಲ್ಲ. ನೀವು ಮರೆಯುವ ಜಾತಿಯವರೇ ಅಲ್ಲ. ಆವತ್ತು ಬೆಳಿಗ್ಗೆ ಕೆರೆಯ ದಡದಲ್ಲಿ ನನ್ನ ಈಜುಡುಗೆಯ ಜಿಪ್ಪು ಮೇಲೇರುತ್ತಿರಲಿಲ್ಲ. ನೀವು ಅದೇ ಗಡಿಯಾರ ನೋಡಿ, "ಇನ್ನೂ ಹನ್ನೊಂದು ನಿಮಿಷ ಇದೆ, ನಿಧಾನಕ್ಕೆ ಹಾಕ್ಕೋ" ಎಂದಿರಿ. ಹನ್ನೊಂದು ನಿಮಿಷಕ್ಕೆ ಸರಿಯಾಗಿ ಕಹಳೆ ಊದಿದರು. ಬೆಳಿಗ್ಗೆ ಲೆಕ್ಕ ಸರಿಯಿದ್ದ ತಲೆಗೆ ಮಧ್ಯಾಹ್ನ ಮರೆವು ಬಂತೇ? ಯಾರ ಕಿವಿಗೆ ಹೂವು ಇಡುತ್ತಿದ್ದೀರಿ?

ನನಗಿನ್ನೂ ಟೈಮಿದೆ ಎಂದು ನಿಮಗೆ ಗೊತ್ತಿತ್ತು. ಗೊತ್ತಿದ್ದೇ ನಿಲ್ಲಿಸಿದಿರಿ. ಆಮೇಲೆ ಸಿಕ್ಕಿಬಿದ್ದಾಗ ಮುದುಕನ ವೇಷ ಹಾಕಿದಿರಿ. ಊರೆಲ್ಲ ಪಾಪ ಎನ್ನಲಿ ಎಂದು, ಕಾರಿನ ಕೀಲಿಯನ್ನೂ ಕೊಟ್ಟುಬಿಟ್ಟಿರಿ. ಇಷ್ಟು ದೊಡ್ಡ ಸುಳ್ಳಿಗೆ ಇಷ್ಟು ದೊಡ್ಡ ಬೆಲೆ ತೆತ್ತು ಕೂತಿದ್ದೀರಿ, ಆದರೆ ನನಗೆ ಒಂದು ನಿಜ ಹೇಳಲು ನಿಮಗೆ ಆಗುವುದಿಲ್ಲ!

ಯಾಕೆ ನಿಲ್ಲಿಸಿದಿರಿ? ಬೇರೇನೂ ಬರೆಯಬೇಡಿ. ಟೈರಿನ ಗಾಳಿ ಬೇಡ, ಬಾಟಲಿ ತೊಳೆಯುವುದು ಬೇಡ. ಇದೊಂದಕ್ಕೆ ಉತ್ತರ ಬರೆಯಿರಿ. ಇಲ್ಲದಿದ್ದರೆ ಇನ್ನು ಕಾಗದವೂ ಇಲ್ಲ.

ಮಗಳು


ಆಗಸ್ಟ್ 8

ಗುಂಡು,

ನಿನ್ನ ಕಾಗದ ಬಂದು ಎಷ್ಟು ದಿನವಾಯಿತೆಂದು ನನಗೆ ನೆನಪಿದೆ. ಮರೆವು ಇಲ್ಲ, ನೀನು ಹೇಳಿದ್ದು ಸರಿ. ನಾಲ್ಕು ಸಲ ಬರೆದು ಹರಿದೆ. ನಿನ್ನ ಅಮ್ಮ ನಿನ್ನೆ, "ಹರಿಯೋದಾದ್ರೆ ನನ್ನ ಪ್ಯಾಟರ್ನ್ ಕಾಗದ ಮುಟ್ಟಬೇಡಿ" ಎಂದು ಕೂಗಾಡಿದಳು. ಆದ್ದರಿಂದ ಇದನ್ನು ಹರಿಯುವುದಿಲ್ಲ.

ನೀನು "ಅಪ್ಪಾ" ಎಂದು ಕೂಗಲಿಲ್ಲ.

ನೀನು ಕೂಗಿದೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿದ ಮೇಲೆಯೇ ಟೈರಿನ ಗಾಳಿಯ ಬಗ್ಗೆ ಬರೆದು ತಪ್ಪಿಸಿಕೊಂಡೆ. ನೀನು ಬೆಟ್ಟ ಹತ್ತಿ ಬರುವಾಗ ರಸ್ತೆಯ ತಪ್ಪು ಬದಿಯಲ್ಲಿದ್ದೆ. ಎದುರಿನಿಂದ ಬಂದ ಲಾರಿ ಹಾರ್ನು ಹೊಡೆದರೂ ನಿನಗೆ ಗೊತ್ತಾಗಲಿಲ್ಲ. ತುಟಿ ಬಿಳಿಚಿತ್ತು. ನನ್ನ ಮುಂದೆಯೇ ಒಂದು ಕಾಲು ಊರಿ ನಿಂತು ನನ್ನ ಮುಖ ನೋಡಿದೆ. ನೋಡಿ ಕೇಳಿದೆ: "ಸರ್, ಇಲ್ಲಿ ನಮ್ಮಪ್ಪ ಇರ್ತೀನಿ ಅಂದಿದ್ರು. ಬಿಳಿ ಟೋಪಿ ಹಾಕಿರ್ತಾರೆ. ನೋಡಿದ್ರಾ?"

ತಿರುವಿನ ಆಚೆ ಇಳಿಜಾರು. ನೀನು ಸೈಕಲ್ಲಿನಲ್ಲಿ ಕಾರಿನ ವೇಗದಲ್ಲಿ ಇಳಿಯುವ ಜಾಗ. ನಾನು ಗಡಿಯಾರ ನೋಡಿದೆ. ಟೈಮಿತ್ತು. ಟೈಮಿದೆ ಎಂದು ಗೊತ್ತಿದ್ದೇ ಬಾವುಟ ಅಡ್ಡ ಹಿಡಿದೆ. ನೆಲದ ಮೇಲೆ ನಿಂತಿದ್ದರೂ ನನ್ನ ಬಲಗಾಲು ಒತ್ತುತ್ತಲೇ ಇತ್ತು.

ಡಾಕ್ಟರನ್ನು ಏಕೆ ಕರೆಯಲಿಲ್ಲ ಎಂದು ಕೇಳುತ್ತೀಯ. ಅವರು ಅಲ್ಲೇ ಡೇರೆಯಲ್ಲಿದ್ದರು. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಆದರೆ ಅವರು ನಾಡಿ ಹಿಡಿದು, "ಪರವಾಗಿಲ್ಲ, ಹೋಗಲಿ" ಎಂದುಬಿಟ್ಟರೆ? ಆಗ ನಾನು ಏನು ಮಾಡಬೇಕಿತ್ತು? ಆ ಭಯಕ್ಕೆ ಕರೆಯಲಿಲ್ಲ. ಇದು ನಾಚಿಕೆಯ ಮಾತು, ಬರೆದುಬಿಟ್ಟೆ.

ಅಪ್ಪನನ್ನು ಗುರುತಿಸಲಿಲ್ಲ ಎಂದು ನಿನಗೆ ಹೇಳುವುದಕ್ಕಿಂತ ನನಗೆ ಮರೆವು ಎಂದುಕೊಳ್ಳುವುದು ಸುಲಭವಾಗಿ ಕಂಡಿತು. ಬೆನ್ನು ತಟ್ಟುವವರ ಕಾಟ ಇಷ್ಟಿರುತ್ತದೆಂದು ಗೊತ್ತಿರಲಿಲ್ಲ.

ಅಪ್ಪ


ಆಗಸ್ಟ್ 20

ಅಪ್ಪಾ,

ನಿಮ್ಮ ಕಾಗದವನ್ನು ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಓದಿದೆ. ಆ ದಿನ ಕೆಲಸ ಮಾಡಲಿಲ್ಲ. ನನಗೆ ಇವತ್ತಿಗೂ ನಾನು ಕೂಗಿದ ಹಾಗೇ ನೆನಪು. ನಿಮ್ಮ ಮುಖಕ್ಕೆ ಆವತ್ತು ಏನಾಗಿರಬೇಕು ಎಂದು ಯೋಚಿಸಿದರೆ ಅಳು ಬರುತ್ತದೆ. ಅತ್ತುಬಿಟ್ಟೆ. ಅದಾದ ಮೇಲೆ ಕೋಪ ಬಂತು, ಅದಿನ್ನೂ ಇಳಿದಿಲ್ಲ.

ಮರುದಿನವೇ ಇಲ್ಲಿಯ ಒಬ್ಬ ಡಾಕ್ಟರ ಹತ್ತಿರ ಹೋಗಿ ನೀವು ಬರೆದದ್ದನ್ನೆಲ್ಲ ಹೇಳಿದೆ. ಅವರು ನನ್ನನ್ನು ಶಾಲೆಯ ಮಗುವಿನ ಹಾಗೆ ಬೈದರು. ವಾಂತಿಯಾದ ಮೇಲೆ ಗಂಟೆಗಟ್ಟಲೆ ಬರೀ ನೀರು ಕುಡಿದು ಕುಡಿದು ಮೈಯಲ್ಲಿ ಉಪ್ಪು ಇಳಿದುಹೋಗಿರಬೇಕು, ಅದಕ್ಕೇ ತಲೆ ಮಂಕಾಗಿದೆ, ಇನ್ನೂ ಮುಂದುವರಿದಿದ್ದರೆ ಜೀವಕ್ಕೇ ಬರುತ್ತಿತ್ತು ಎಂದರು. ಅಪ್ಪಾ, ಕೇಳಿಸಿಕೊಳ್ಳಿ. ನಾನು ಏಪ್ರಿಲ್‌ನಿಂದ ಮತ್ತೆ ತಯಾರಿ ನಡೆಸಿದ್ದೇನೆ. ಹೊಟ್ಟೆ ಕೆಟ್ಟರೆ ಬರೀ ನೀರು ಎಂಬ ಅದೇ ತಪ್ಪನ್ನು ಪ್ರತಿ ಭಾನುವಾರ ಮಾಡುತ್ತಿದ್ದೇನೆ! ನೀವು ನನ್ನನ್ನು ಒಂದು ಇಳಿಜಾರಿನಿಂದ ಉಳಿಸಿದಿರಿ. ಆಮೇಲೆ ಬಾಯಿ ಮುಚ್ಚಿಕೊಂಡು ಅದಕ್ಕಿಂತ ದೊಡ್ಡದಕ್ಕೆ ಬಿಟ್ಟಿದ್ದಿರಿ. ಬ್ರೇಕು ಒತ್ತಿದವರು ಯಾಕೆ ಒತ್ತಿದೆ ಎಂದು ಹೇಳದಿದ್ದರೆ ಕಲಿಯುವವಳು ಏನು ಕಲಿಯಬೇಕು? ನಿಮ್ಮ ಶಾಲೆಯಲ್ಲಿ ಹೀಗೇ ಪಾಠ ಮಾಡುತ್ತಿದ್ದಿರಾ?

ಮುಂದಿನ ಫೆಬ್ರವರಿಯ ರೇಸಿಗೆ ನಾನು ಹೋಗುತ್ತೇನೆ. ನೀವೂ ಬರಬೇಕು. ಅದೇ ತಿರುವಿಗೆ. ಟೀಚರಿಗೆ ನಾನು ಹೇಳಿದ್ದೇನೆ, ಮೇಜಿನ ಗಡಿಯಾರಕ್ಕೆ ರಟ್ಟಿನ ಮರೆ ಕಟ್ಟುತ್ತಾರಂತೆ. ನನ್ನ ತಲೆ ಕೆಟ್ಟಂತೆ ಕಂಡರೆ ಡಾಕ್ಟರನ್ನು ಕೂಗಿ, ನನ್ನ ಮುಂದೆಯೇ ಕೂಗಿ. ಒಳಗೊಳಗೇ ತೀರ್ಮಾನ ಮಾಡುವುದು ಬೇಡ.

ತಮ್ಮನಿಗೆ ಮೊದಲು ನಿಜ ಹೇಳಿ ಕಾರಿನ ಕೀಲಿ ಇಸಿದುಕೊಳ್ಳಿ. ಅಮ್ಮ ಹುಚ್ಚಿಯಾಗುವ ಮುಂಚೆ.

ಗುಂಡು


ಫೆಬ್ರವರಿ 25

ಅಪ್ಪಾ,

ಮನೆ ತಲುಪಿದೆ. ಕಾಲಿನ ಎರಡು ಉಗುರು ಕಪ್ಪಾಗಿವೆ, ಮೆಟ್ಟಿಲು ಇಳಿಯುವಾಗ ಹಿಂದುಮುಂದಾಗಿ ಇಳಿಯುತ್ತಿದ್ದೇನೆ. ಚಿಕ್ಕಮ್ಮ ಫೋನು ಮಾಡಿದ್ದಳು. ನೀವು ಬೀದಿಯಲ್ಲೆಲ್ಲ "ನಾನೇ ಅವಳನ್ನ ಕಳಿಸಿದ್ದು" ಎಂದು ಹೇಳಿಕೊಂಡು ತಿರುಗುತ್ತಿದ್ದೀರಂತೆ. ಹೋದ ವರ್ಷ ನಿಲ್ಲಿಸಿದ್ದೂ ನೀವೇ, ಈ ವರ್ಷ ಕಳಿಸಿದ್ದೂ ನೀವೇ. ಪೆಡಲು ತುಳಿದದ್ದು ಯಾರು ಎಂದು ಯಾರಾದರೂ ಕೇಳಿದರಾ?

ಅಮ್ಮ ಅಲ್ಲಿ ಇರಲಿಲ್ಲ. ನೀವು ನಿಮಗೆ ಬೇಕಾದ ಹಾಗೆ ಹೇಳಿರುತ್ತೀರಿ. ಅದಕ್ಕೇ ನಡೆದದ್ದನ್ನು ಬರೆಯುತ್ತೇನೆ, ಅವಳಿಗೆ ಓದಿ ಹೇಳಿ.

ಈ ಸಲ ಗಾಳಿ ಇರಲಿಲ್ಲ, ಬದಲಿಗೆ ಬಿಸಿಲು. ಬೆಟ್ಟದ ಅರ್ಧಕ್ಕೇ ಹೊಟ್ಟೆ ತೊಳಸಲು ಶುರುವಾಯಿತು. ತಿರುವಿಗೆ ಬಂದಾಗ ಕೊನೆಯವರಲ್ಲಿ ನಾನೂ ಒಬ್ಬಳು. ಯಾರೂ ಬಾವುಟ ಹಿಡಿಯಲಿಲ್ಲ. ನಾನೇ ಇಳಿದೆ. ಇಳಿದು ರಸ್ತೆಯ ಬದಿಯಲ್ಲಿ ಕೂತು ಡಾಕ್ಟರನ್ನು ನಾನೇ ಕರೆದೆ. ಉಪ್ಪು ಹಚ್ಚಿದ ಆಲೂಗಡ್ಡೆ ತಿಂದೆ. ನೀವು ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದಿರಿ. ಮನೆಯವರು ಮುಟ್ಟಿದರೆ ರೇಸಿನಿಂದ ಹೊರಗೆ ಎಂಬ ನಿಯಮಕ್ಕೆ ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದಿರಿ.

ಡಾಕ್ಟರ್ ಕಣ್ಣು ನೋಡಿದರು, ನಾಡಿ ನೋಡಿದರು, ಊರು ಕೇಳಿದರು, ವಾರ ಕೇಳಿದರು. ಆಮೇಲೆ ನೀವು ವರ್ಷವಿಡೀ ಹೆದರಿದ್ದ ಮಾತನ್ನೇ ಹೇಳಿದರು. "ಹೋಗಬಹುದು. ನಿಲ್ಲಿಸಿದ್ರೂ ತಪ್ಪಿಲ್ಲ. ನಿಮಗೆ ಬಿಟ್ಟಿದ್ದು."

ನನಗೆ ಬಿಟ್ಟದ್ದು! ಇಷ್ಟು ವರ್ಷ ಇದಕ್ಕಾಗಿಯೇ ನಿಮ್ಮ ಜೊತೆ ಜಗಳವಾಡಿದವಳು ನಾನು. ಈಗ ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಏಳುವ ಮನಸ್ಸಿರಲಿಲ್ಲ. ಇನ್ನೂ ಅರವತ್ತು ಕಿಲೋಮೀಟರ್ ಸೈಕಲ್ಲು, ಅದರ ಮೇಲೆ ನಲವತ್ತೆರಡು ಓಟ. ಯಾರಾದರೂ ಬೇಡ ಎನ್ನಲಿ ಎಂದು ನಿಮ್ಮ ಮುಖ ನೋಡಿದೆ. ನೀವು "ಬೇಡ ಗುಂಡು" ಎಂದಿದ್ದರೆ ಕೂತುಬಿಡುತ್ತಿದ್ದೆ. ಜೀವಮಾನವಿಡೀ ನಿಮ್ಮನ್ನು ಬೈದುಕೊಂಡು ಹಾಯಾಗಿ ಇರುತ್ತಿದ್ದೆ.

ನೀವು ಮೇಜಿನ ಮೇಲಿನ ಗಡಿಯಾರ ನೋಡಿದಿರಿ. "ಬಾಯಿ ಬಿಟ್ಕೊಂಡು ನನ್ನನ್ನೇನ್ ನೋಡ್ತಿದ್ದೀಯ? ಟೈಮಿದೆ. ಹೊರಡು" ಎಂದಿರಿ. ಅಷ್ಟು ಜನರ ಮುಂದೆ, ಕಲಿಯಲು ಬಂದ ದಡ್ಡರಿಗೆ ಗದರುವ ಹಾಗೆ. ನನಗೆ ಎಷ್ಟು ಸಿಟ್ಟು ಬಂತೆಂದರೆ, ಆ ಸಿಟ್ಟಿನಲ್ಲೇ ಸೈಕಲ್ಲು ಹತ್ತಿದೆ.

ಮಿಕ್ಕಿದ್ದು ನಿಮಗೆ ಗೊತ್ತು. ಮುಗಿಸಿದೆ. ನನ್ನ ಹಿಂದೆ ಇನ್ನಿಬ್ಬರು ಇದ್ದರು. ಕುರ್ಚಿ ಮಡಚುತ್ತಿದ್ದವರು ಕೆಲಸ ನಿಲ್ಲಿಸಿ ಚಪ್ಪಾಳೆ ತಟ್ಟಿದರು.

ಆದರೆ ನೀವು ಬೀದಿಯಲ್ಲಿ ಹೇಳದೆ ಇರುವುದು ಒಂದಿದೆ. ಇಳಿಜಾರಿಗೆ ಬಿದ್ದ ಮೇಲೆ ನಾನು ತಿರುಗಿ ನೋಡಿದೆ. ನೀವು ತಿರುವಿನ ಅಂಚಿನಲ್ಲಿ ಒಬ್ಬರೇ ನಿಂತಿದ್ದಿರಿ, ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು.

ನಿಮ್ಮ,
ಗುಂಡು


ಮಾರ್ಚ್ 2

ಗುಂಡು,

ನಿನ್ನ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಕೊನೆಯ ಭಾಗ ಬಂದಾಗ ಇಬ್ಬರೂ ಒಟ್ಟಿಗೆ ಎದ್ದು ನಿಂತೆವು. ಇವಳು ಬೀಗ ತೆಗೆದು ಫೋನನ್ನು ನನ್ನ ಕೈಗೆ ಕೊಟ್ಟು, "ಈಗ ಕಿರುಚಿ" ಎಂದಳು. ನೀನು ಎತ್ತುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಆ ಇಳಿಜಾರಿನಲ್ಲಿ, ಆ ವೇಗದಲ್ಲಿ, ರಸ್ತೆ ನೋಡುವುದು ಬಿಟ್ಟು ಹಿಂದೆ ತಿರುಗಿ ನೋಡಿದೆಯಾ?

ಅಪ್ಪ